ಗಂಟು ಹಾಕುವ ಕೆಲಸ

ನನಗೆ ಸಿಕ್ಕ ಕೆಲಸ ಇಷ್ಟೇ:
ಏಡಿಯ ಬೆನ್ನಿಗೆ ಒಂದು ಚುಕ್ಕೆ ಗೋಂದು,
ಗೋಂದಿಗೆ ಗೇಣುದ್ದ ಗಾಳದ ದಾರ,
ದಾರದ ಇನ್ನೊಂದು ತುದಿ ಕಡ್ಡಿಗೆ, ಕಡ್ಡಿ ಕೆಸರಿಗೆ.
ದಡದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಗಾಳ ಕಟ್ಟಿದವಳು ನಾನು.
"ಡೆಲ್ಫಿನಾ, ನಿಮ್ಮ ಗಂಟು ಬಿಚ್ಚುವುದಿಲ್ಲವಂತೆ" ಅಂದಳು
ಕಾಲೇಜಿನಿಂದ ಬಂದ ಟಬಿತಾ,
ಗಂಟೆಗೆ ಇಷ್ಟು ಡಾಲರ್ ಎಂದು ಚೀಟಿ ಬರೆದುಕೊಟ್ಟಳು.

ಕೇಪ್ ಕಾಡ್‌ನ ಈ ಅಳಿವೆಯಲ್ಲಿ ಹುಲ್ಲು ಸೊಂಟದೆತ್ತರ.
ದಿನಕ್ಕೆರಡು ಸಲ ಕಡಲು ಬಂದು
ಅದರ ಕುತ್ತಿಗೆ ತನಕ ನಿಂತು ಹೋಗುತ್ತದೆ.
ಎಲೆಯ ಮೇಲೆ ಉಳಿದ ಉಪ್ಪನ್ನು
ಚಿಕ್ಕವರಿದ್ದಾಗ ನೆಕ್ಕುತ್ತಿದ್ದೆವು.

ಬುಡದಲ್ಲಿ ಪಿಟೀಲು ಏಡಿಗಳು.
ಗಂಡಿಗೆ ಒಂದು ಕೈ ಮೈಯಷ್ಟೇ ದೊಡ್ಡದು, ಬರೀ ಜಂಬಕ್ಕೆ;
ಊಟಕ್ಕೆ ಇನ್ನೊಂದು.
ಬಿಲ ತೋಡುತ್ತವೆ, ಕೆಸರಿನೊಳಗೆ ಉಸಿರು ಇಳಿಯುತ್ತದೆ,
ಬೇರು ಅದನ್ನು ಕುಡಿಯುತ್ತದೆ.
ಬಿಲದ ಬಾಯಲ್ಲಿ ಉಗುಳಿದ ಮಣ್ಣಿನ ಗುಂಡು,
ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ.

ಉಬ್ಬರದ ಜೊತೆ ಬೆರಳುದ್ದದ ಮೀನುಗಳು ಒಳಗೆ ಬರುತ್ತವೆ.
ಇಲ್ಲಿಯ ಮೂಲದವರು ಅವಕ್ಕಿಟ್ಟ ಹೆಸರಿಗೆ
'ಗುಂಪಾಗಿ ಹೋಗುವವು' ಎಂದೇ ಅರ್ಥ.
ಸಂದಿಸಂದಿಯಲ್ಲಿ ಸೊಳ್ಳೆಮರಿ, ಸೀಗಡಿಮರಿ ಹೆಕ್ಕಿ
ಹೊಟ್ಟೆ ತುಂಬಿಕೊಂಡು ಇಳಿತಕ್ಕೆ ವಾಪಸು.
ಕಾಲುವೆಯ ಬಾಯಲ್ಲಿ ಪಟ್ಟೆಮೀನು ಕಾದಿರುತ್ತದೆ.
ಹುಲ್ಲು ಹೀಗೆ ಈಜಿಕೊಂಡು ಕಡಲು ಸೇರುತ್ತದೆ.

ಕಾದಿರುತ್ತಿತ್ತು
ಅನ್ನಬೇಕು.

ಅಪ್ಪ ಅನ್ಸೆಲ್ಮೊ ಹಲಗೆಕಟ್ಟೆಯ ಮೇಲೆ ಕೂತು ಹಿಡಿದ
ಒಂದೊಂದು ಪಟ್ಟೆಮೀನಿನ ಉದ್ದವನ್ನೂ
ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಚಾಕುವಿನಲ್ಲಿ ಗೀರಿದ.
ನನ್ನ, ತಮ್ಮನ ಎತ್ತರವೂ ಅಲ್ಲೇ.
ಎಂಟು ತುಂಬಿದಾಗಲೂ ನಾನು ಒಂದು ಮೀನಿಗಿಂತ ಕುಳ್ಳಿ.
ಭಾನುವಾರ ಆ ಕಟ್ಟೆಯಿಂದ ನೂರು ಗಾಳ ಇಳಿಯುತ್ತಿದ್ದವು,
ಅರ್ಧ ನಾನು ಕಟ್ಟಿದ್ದು.
ನೀಲಿ ಏಡಿಗೆ ಬುಟ್ಟಿ, ಬುಟ್ಟಿಯಲ್ಲಿ ಕೋಳಿಯ ಕುತ್ತಿಗೆ.
ಯಾರೂ ಕೆಟ್ಟವರಲ್ಲ.
ಬೆಣ್ಣೆಯಲ್ಲಿ ಹುರಿದು, ನಿಂಬೆ ಹಿಂಡಿ,
ಅಕ್ಕಪಕ್ಕದವರಿಗೂ ಕೊಟ್ಟು ತಿಂದೆವು.

ಆಮೇಲೆ ಕಾಲುವೆಯ ಅಂಚು ಬೋಳಾಯಿತು.
ಬೈತಲೆ ಅಗಲವಾದದ್ದು ಬಾಚಿಕೊಳ್ಳುವವಳಿಗೆ
ಕೊನೆಗೆ ತಿಳಿಯುತ್ತದಲ್ಲ, ಹಾಗೆ.
ಹಿಮ ಅಂದರು. ಎಣ್ಣೆ ಸೋರಿದ್ದು ಅಂದರು.
ಹೋಟೆಲಿನ ಕೊಳೆನೀರು ಅಂದರು.
ಟಬಿತಾ, "ರಾತ್ರಿ ಬನ್ನಿ" ಅಂದಳು.

ಹಣೆಗೆ ದೀಪ ಕಟ್ಟಿಕೊಂಡು ಹೋದೆವು.
ಕಾಣುವ ಮೊದಲು ಕೇಳಿಸಿತು,
ಕರ್ ಕರ್, ಕತ್ತಲಲ್ಲಿ ಒಣರೊಟ್ಟಿ ಮುರಿಯುವ ಪಂಕ್ತಿ.
ನೇರಳೆ ಏಡಿಗಳು, ಹೆಬ್ಬೆರಳಿನಷ್ಟು, ಸಾವಿರ ಇರಬಹುದು,
ಒಂದೊಂದೂ ಒಂದೆಲೆಯನ್ನು ಎರಡು ಕೈಯಲ್ಲಿ ಹಿಡಿದು
ಅವಸರವಿಲ್ಲದೆ.
ನಮ್ಮ ಬೆಳಕಿಗೂ ಹೆದರಲಿಲ್ಲ.
ಬೇಲಿ ಎದ್ದು ಹೊಲ ಮೇಯ್ದದ್ದಲ್ಲ ಇದು;
ಬೇಲಿಯನ್ನು ನಾವು ಹುರಿದು ತಿಂದಿದ್ದೆವು.

ಅದಕ್ಕೇ ಈ ಲೆಕ್ಕ:
ಕಟ್ಟೆಯ ಕಾಲುವೆಯಲ್ಲಿ ಇಪ್ಪತ್ತು ಏಡಿ,
ಗಾಳ ಬೀಳದ ಬಡಗಣ ಕಾಲುವೆಯಲ್ಲಿ ಇಪ್ಪತ್ತು.
ಒಂದು ರಾತ್ರಿ.

ಬೆಳಿಗ್ಗೆ ಕಟ್ಟೆಯ ಬಳಿ ದಾರ ಎಳೆದೆ.
ಏಡಿ. ಏಡಿ. ಏಡಿ.
ಇಪ್ಪತ್ತನೆಯದು ಕಡ್ಡಿಗೆ ತನ್ನನ್ನು ಸುತ್ತಿಕೊಂಡು
ನೊರೆ ಉಗುಳಿ ಬೈಯುತ್ತಿತ್ತು.
ಟಬಿತಾ ಬರೆದುಕೊಂಡಳು, ನನ್ನ ಮುಖ ನೋಡಲಿಲ್ಲ.

ಬಡಗಣದಲ್ಲಿ ಮೊದಲ ದಾರ ಹಗುರ.
ಎರಡನೆಯದೂ.
ಮೂರನೆಯದರ ತುದಿಯಲ್ಲಿ ಗೋಂದಿನ ಚುಕ್ಕೆ,
ಅದಕ್ಕಂಟಿದ ಚಿಪ್ಪಿನ ಚೂರು.
ಗಾಳ ಖಾಲಿ ಬಂದರೆ ನೀರಿಗೆ ಉಗಿಯುವ ಮನೆಯಲ್ಲಿ ಹುಟ್ಟಿದವಳು
ಹದಿಮೂರು ಖಾಲಿ ದಾರಗಳನ್ನು
ಬೆರಳಿಗೆ ಸುತ್ತಿಕೊಂಡು ನಿಂತೆ,
ಸೊಂಟಕ್ಕೆ ಹುಲ್ಲು ತಾಗುತ್ತಿತ್ತು.
ನೀರಿನಲ್ಲಿ ಏನೋ ದೊಡ್ಡದು ಮಗ್ಗುಲು ಬದಲಿಸಿತು.
ಉದ್ದ ಎಷ್ಟೆಂದು ಅಳೆಯಲು ಹೋಗಲಿಲ್ಲ.

ಮಧ್ಯಾಹ್ನ ಕಟ್ಟೆಯ ಇಪ್ಪತ್ತನ್ನೂ ಬಿಡಿಸಬೇಕು,
ಅದೂ ನನ್ನ ಕೂಲಿಯಲ್ಲೇ ಸೇರಿದೆ.
ನನ್ನ ಗಂಟು ನನಗೇ ಬಿಚ್ಚುವುದಿಲ್ಲ.
ಹಲ್ಲಿನಲ್ಲಿ ಕಡಿಯುತ್ತೇನೆ.
ಬಾಯಿ ತುಂಬ ಉಪ್ಪು.